ತೊಟ್ಟಿಯೇ ತೊಟ್ಟಿಲಾದಾಗ

ಗಾಜಿನ ತೊಟ್ಟಿಗಳನ್ನು ಅಲಂಕರಿಸುವ ಕಡಲಮೀನುಗಳಲ್ಲಿ ಬಹುಪಾಲು ಇಂದಿಗೂ ಹವಳದ ದಿಬ್ಬಗಳಿಂದ ಹಿಡಿದು ತಂದವು. ಕೆಲವೆಡೆ ಸೈನೈಡ್ ವಿಷವೆರಚಿ ಹಿಡಿಯುವುದೂ ಉಂಟು. ಇದಕ್ಕೆ ಪರಿಹಾರವನ್ನು ತೋರಿಸಿಕೊಟ್ಟದ್ದು ಕಿತ್ತಳೆ ಮೈಗೆ ಬಿಳಿಯ ಪಟ್ಟೆ ಧರಿಸಿದ ಪುಟ್ಟ ವಿದೂಷಕ ಮೀನು.

ಹೆಣ್ಣು ಕಲ್ಲಿನ ಮೇಲೆ ನೂರಾರು ಮೊಟ್ಟೆಗಳನ್ನಿಡುತ್ತದೆ. ಅವಕ್ಕೆ ರೆಕ್ಕೆಯಿಂದ ನೀರು ಬೀಸುತ್ತ ಕಾವಲಿರುವುದು ಗಂಡು. ಸುಮಾರು ಒಂದು ವಾರದ ಬಳಿಕ, ಕತ್ತಲು ಕವಿದ ಮೇಲೆ, ಮರಿಗಳು ಹೊರಬರುತ್ತವೆ. ನಿಜವಾದ ಕಷ್ಟ ಆಮೇಲಿನದು. ಅವುಗಳ ಬಾಯಿ ಅತಿ ಕಿರಿದು; ಅದಕ್ಕೆ ಹಿಡಿಸುವ ಆಹಾರ ರೋಟಿಫರ್ ಎಂಬ ಸೂಕ್ಷ್ಮಜೀವಿ. ರೋಟಿಫರಿಗೋ ಹಸಿರು ಪಾಚಿಯೇ ಉಣಿಸು. ಆದುದರಿಂದ ಮೀನು ಸಾಕುವವನು ಮೊದಲು ಪಾಚಿಯನ್ನು ಬೆಳೆಯಬೇಕು!

ಭಾರತದ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೂ ಈ ವಿದ್ಯೆಯನ್ನು ಸಾಧಿಸಿದೆ. ತೊಟ್ಟಿಯಲ್ಲಿ ಮರಿಯೊಂದು ಬೆಳೆದು ಉಳಿಯಿತೆಂದರೆ, ಕಡಲಿನಿಂದ ಹಿಡಿದು ತರಬೇಕಾದ ಮೀನು ಒಂದು ಕಡಮೆಯಾದಂತೆಯೇ ಸರಿ.