ಉರಕಾಮಿಯ ಎರಡನೆಯ ಗಂಟೆ

ಇಗರ್ಜಿಯ ಗಂಟೆ ಬಾರಿಸಿದೊಡನೆ ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ತ್ರಿಕಾಲ ಪ್ರಾರ್ಥನೆ ಹೇಳುತ್ತಿದ್ದ ಹಿರಿಯರನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಒಂದು ದಿನ ಗಂಟೆ ಕೇಳಿಸದಿದ್ದರೂ ಊರವರು ಕಾರಣ ವಿಚಾರಿಸುತ್ತಿದ್ದರು. ಜಪಾನಿನ ನಾಗಸಾಕಿ ನಗರದ ಉರಕಾಮಿ ದೇವಾಲಯದ ಉತ್ತರದ ಗೋಪುರದಿಂದ ಎಂಬತ್ತು ವರ್ಷಗಳ ಕಾಲ ಗಂಟೆಯ ನಾದವೇ ಕೇಳಿಸಲಿಲ್ಲ.

ನಾಗಸಾಕಿ ನಮಗೆ ತೀರ ಅಪರಿಚಿತವಲ್ಲ. ವಸಾಯಿಯಲ್ಲಿ ಜನಿಸಿದ ಸಂತ ಗೊನ್ಸಾಲೊ ಗಾರ್ಸಿಯಾ 1597ರಲ್ಲಿ ಇತರ 25 ಮಂದಿಯೊಡನೆ ಶಿಲುಬೆಗೇರಿ ರಕ್ತಸಾಕ್ಷಿಯಾದದ್ದು ಅಲ್ಲಿಯೇ. ಅನಂತರ ಬಂದ ನಿಷೇಧದ ಕಾಲದಲ್ಲಿ ಗುರುಗಳಿಲ್ಲದೆ, ಬಲಿಪೂಜೆಯಿಲ್ಲದೆ ಇನ್ನೂರಕ್ಕೂ ಹೆಚ್ಚು ವರ್ಷ ಉರಕಾಮಿಯ ರೈತರು ಗುಟ್ಟಾಗಿ ಮಕ್ಕಳಿಗೆ ಜ್ಞಾನಸ್ನಾನ ನೀಡಿದರು, ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿಸಿದರು. ವರ್ಷಕ್ಕೊಮ್ಮೆ ಊರ ಮುಖ್ಯಸ್ಥನ ಮನೆಯಲ್ಲಿ ಯೇಸುವಿನ ಇಲ್ಲವೆ ಮಾತೆ ಮರಿಯಳ ಬಿಂಬವನ್ನು ತುಳಿಯಬೇಕೆಂಬ ಕಟ್ಟಳೆಯಿತ್ತು. ತುಳಿದು ಬಂದವರು ಮನೆಯಲ್ಲಿ ಪಶ್ಚಾತ್ತಾಪದ ಪ್ರಾರ್ಥನೆ ಹೇಳುತ್ತಿದ್ದರು. 1865ರ ಮಾರ್ಚ್ 17ರಂದು ಇವರಲ್ಲಿ ಕೆಲವರು ಓವುರಾದ ಹೊಸ ಇಗರ್ಜಿಗೆ ಬಂದು, ತಮ್ಮ ಹೃದಯವೂ ನಿಮ್ಮದರಂತೆಯೇ ಎಂದು ಫ್ರೆಂಚ್ ಗುರು ಪೆತಿಜಾನರಿಗೆ ತಿಳಿಸಿ, ಮಾತೆ ಮರಿಯಳ ಪ್ರತಿಮೆ ಎಲ್ಲಿದೆಯೆಂದು ಕೇಳಿದರು.

ಆ ಸಂತಸಕ್ಕೆ ಅವರು ತೆತ್ತ ಬೆಲೆ ದೊಡ್ಡದು. ಸುಮಾರು 3,400 ಮಂದಿಯನ್ನು ಊರಿನಿಂದ ಹೊರಹಾಕಿ ದೂರದೂರದ ಪ್ರಾಂತ್ಯಗಳಿಗೆ ಅಟ್ಟಲಾಯಿತು. ಆರುನೂರಕ್ಕೂ ಹೆಚ್ಚು ಮಂದಿ ಅಲ್ಲಿಯೇ ಕಣ್ಮುಚ್ಚಿದರು. 1873ರಲ್ಲಿ ನಿಷೇಧ ಸಡಿಲಗೊಂಡು ಬರಿಗೈಯಲ್ಲಿ ಮರಳಿದವರು ಮುಂದೆ ಕೊಂಡದ್ದು ಯಾವ ನಿವೇಶನವನ್ನು? ತಮ್ಮ ಪೂರ್ವಜರು ಪವಿತ್ರ ಬಿಂಬವನ್ನು ತುಳಿಯಬೇಕಾಗಿದ್ದ ಆ ಮುಖ್ಯಸ್ಥನ ಮನೆಯ ನಿವೇಶನವನ್ನೇ! ಅಲ್ಲಿ 1895ರಲ್ಲಿ ಆರಂಭಿಸಿದ ಕೆಂಪು ಇಟ್ಟಿಗೆಯ ದೇವಾಲಯ 1914ರಲ್ಲಿ ಆಶೀರ್ವಾದಗೊಂಡಿತು. 1925ರಲ್ಲಿ ಅವಳಿ ಗೋಪುರಗಳೂ ಎದ್ದುನಿಂತವು.

1945ರ ಆಗಸ್ಟ್ 9ರಂದು, ಮಾತೆಯ ಸ್ವರ್ಗಾರೋಹಣದ ಹಬ್ಬಕ್ಕೆ ಸಿದ್ಧತೆಯಾಗಿ ಗುರುಗಳಿಬ್ಬರು ಪಾಪನಿವೇದನೆ ಆಲಿಸುತ್ತಿದ್ದರು. ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ ಅಣುಬಾಂಬ್ ಸಿಡಿಯಿತು. ದೇವಾಲಯ ಅಲ್ಲಿಂದ ಸುಮಾರು 500 ಮೀಟರ್ ದೂರದಲ್ಲಿತ್ತು. ಒಳಗಿದ್ದವರಲ್ಲಿ ಒಬ್ಬರೂ ಬದುಕುಳಿಯಲಿಲ್ಲ. ಆ ಧರ್ಮಕೇಂದ್ರದ ಸುಮಾರು 12,000 ಭಕ್ತರಲ್ಲಿ 8,500 ಮಂದಿ ಮಡಿದರು.

ಅಲ್ಲಿಯ ವೈದ್ಯ ತಕಾಶಿ ನಗಾಯಿಯವರ ಪತ್ನಿ ಮಿದೋರಿ ಮನೆಯಲ್ಲೇ ಸುಟ್ಟುಹೋಗಿದ್ದರು. ಮೂಳೆಗಳ ಬಳಿ ಕರಗಿದ ಜಪಸರ ದೊರೆಯಿತು. ನವೆಂಬರ್‌ನಲ್ಲಿ ಮೃತರಿಗಾಗಿ ಅರ್ಪಿಸಿದ ಬಲಿಪೂಜೆಯ ಸಂದರ್ಭದಲ್ಲಿ ನಗಾಯಿಯವರು, ಉರಕಾಮಿಯು ಯುದ್ಧದ ಪಾಪಕ್ಕೆ ದೇವರು ಸ್ವೀಕರಿಸಿದ ನಿಷ್ಕಳಂಕ ಬಲಿಯೆಂಬ ಅರ್ಥದ ಮಾತುಗಳನ್ನಾಡಿದರು. ದೇವರ ಶಿಕ್ಷೆ ಎಂಬ ಮಾತು ಕೇಳಿ ನೊಂದಿದ್ದವರಿಗೆ ಇದು ಸಾಂತ್ವನ ನೀಡಿತು. ಬಾಂಬ್ ಹಾಕಿದವರ ಹೊಣೆಯನ್ನು ಈ ಮಾತು ಮರೆಮಾಡುತ್ತದೆಂದು ನಾಗಸಾಕಿಯಲ್ಲೇ ಕೆಲವರು ಮುಂದೆ ಆಕ್ಷೇಪಿಸಿದರು. ಆ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಅದೇ ನಗಾಯಿಯವರು ನೆರೆಹೊರೆಯವರೊಡನೆ ಭಗ್ನಾವಶೇಷವನ್ನು ಅಗೆದು, ದಕ್ಷಿಣ ಗೋಪುರದ ಗಂಟೆ ಒಡೆಯದೆ ಉಳಿದಿರುವುದನ್ನು ಕಂಡು, ಮರದ ದಿಮ್ಮಿಗಳಿಗೆ ತೂಗುಹಾಕಿದರು. ಆ ವರ್ಷದ ಕ್ರಿಸ್ತಜಯಂತಿಯ ಮುನ್ನಾದಿನ ಬೂದಿಯ ಬಯಲಿನಲ್ಲಿ ಆ ಗಂಟೆ ಮೊಳಗಿತು. ಉತ್ತರದ ಗಂಟೆ ಒಡೆದುಹೋಗಿತ್ತು.

ಭಗ್ನಾವಶೇಷವನ್ನು ಸ್ಮಾರಕವಾಗಿ ಉಳಿಸಬೇಕೆಂಬ ಒತ್ತಾಯವೂ ನಗರದಲ್ಲಿತ್ತು. ಭಕ್ತರು ಮಾತ್ರ ಆ ನೆಲವನ್ನು ಬಿಡಲೊಪ್ಪಲಿಲ್ಲ. 1959ರಲ್ಲಿ ಅಲ್ಲಿಯೇ ಹೊಸ ದೇವಾಲಯವೆದ್ದಿತು. ಜಗದ್ಗುರುಗಳಾದ ದ್ವಿತೀಯ ಜಾನ್ ಪಾಲ್ 1981ರಲ್ಲೂ ಫ್ರಾನ್ಸಿಸ್ 2019ರಲ್ಲೂ ನಾಗಸಾಕಿಗೆ ಬಂದು ಹೋದರು. ಉತ್ತರದ ಗೋಪುರ ಮಾತ್ರ ಬರಿದಾಗಿಯೇ ಇತ್ತು.

ಅದಕ್ಕೊಂದು ಗಂಟೆ ಬಂದದ್ದು ಬಾಂಬ್ ಹಾಕಿದ ದೇಶದಿಂದ. ಅಣುಬಾಂಬ್ ತಯಾರಿಕೆಯ ಯೋಜನೆಯಲ್ಲಿ ವೈದ್ಯರಾಗಿದ್ದವರೊಬ್ಬರ ಮೊಮ್ಮಗ ಮುಂದೆ ನಿಂತು ಅಮೆರಿಕದ ಕಥೋಲಿಕರಿಂದ ಹಣ ಕೂಡಿಸಿ ಅದನ್ನು ಎರಕ ಹೊಯ್ಯಿಸಿದರು. 2025ರ ಆಗಸ್ಟ್ 9ರಂದು, ಮೌನಪ್ರಾರ್ಥನೆಯ ಹೊತ್ತಿಗೆ, 11 ಗಂಟೆ 2 ನಿಮಿಷಕ್ಕೆ ಉರಕಾಮಿಯ ಎರಡೂ ಗಂಟೆಗಳು ಒಟ್ಟಿಗೆ ಮೊಳಗಿದವು.