ಮೆಟ್ಟಿಲಿಲ್ಲದ ಬೇಸ್ ಗಿಟಾರು ಮತ್ತು ವಾದಕನ ಅಂಕಿತ: ಪೀನೋ ಪಲ್ಲಾಡಿನೋ ಅವರ ವೃತ್ತಿಜೀವನವನ್ನು ಕುರಿತು

ದಕ್ಷಿಣ ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ವೀಣೆ, ಪಿಟೀಲುಗಳ ಪಾಠವೂ ಗಿಟಾರು ತರಗತಿಗಳೂ ಅಕ್ಕಪಕ್ಕದ ರಸ್ತೆಗಳಲ್ಲಿಯೇ ನಡೆಯುತ್ತವೆ. ರಾಮನವಮಿಯ ಚಪ್ಪರದಲ್ಲಿ ಕುಳಿತು ಪಿಟೀಲಿನ ಪಕ್ಕವಾದ್ಯಕ್ಕೆ ತಲೆದೂಗುವವರ ಮನೆಗಳಲ್ಲಿಯೇ ರಾಕ್ ಸಂಗೀತವನ್ನು ಆಸಕ್ತಿಯಿಂದ ಕೇಳುವ ಮಕ್ಕಳೂ ಇದ್ದಾರೆ. ಈ ಎರಡು ಲೋಕಗಳನ್ನು ಒಟ್ಟಿಗೆ ಇರಿಸಿ ನೋಡುವ ಪ್ರಯತ್ನಗಳು ಮಾತ್ರ ನಮ್ಮಲ್ಲಿ ವಿರಳ. ಕನ್ನಡ ಸಾಹಿತ್ಯ ಮತ್ತು ಸಂಗೀತ ಪರಂಪರೆಗೆ ಚಿರಪರಿಚಿತವಾದ ‘ಅಂಕಿತ’, ‘ಪಕ್ಕವಾದ್ಯ’ ಎಂಬ ಪರಿಕಲ್ಪನೆಗಳ ಮೂಲಕ ವೇಲ್ಸ್‌ನ ಬೇಸ್ ಗಿಟಾರು ವಾದಕ ಪೀನೋ ಪಲ್ಲಾಡಿನೋ ಅವರ ವೃತ್ತಿಜೀವನವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮುಖಪುಟದಲ್ಲಿ ತನ್ನ ಹೆಸರಿಲ್ಲದ ಹಾಡಿನೊಳಗೆ ವಾದಕನೊಬ್ಬ ತನ್ನ ಗುರುತನ್ನು ಹೇಗೆ ಉಳಿಸುತ್ತಾನೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ಮೊದಲಿಗೆ ‘ಸೆಷನ್ ವಾದಕ’ ಎಂಬ ಪದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ರಾಕ್ ತಂಡವೊಂದರ ಸದಸ್ಯನಾದ ವಾದಕನಿಗೆ ಆ ತಂಡದ ಹೆಸರಿನಲ್ಲಿ ಪಾಲಿರುತ್ತದೆ. ದೆಹಲಿಯಲ್ಲಿ 1990ರಲ್ಲಿ ಆರಂಭವಾದ ‘ಇಂಡಿಯನ್ ಓಷನ್’ ತಂಡದ ಬೇಸ್ ವಾದಕ ರಾಹುಲ್ ರಾಮ್ ಇದಕ್ಕೆ ಉತ್ತಮ ನಿದರ್ಶನ. ವಾಗ್ಗೇಯಕಾರರೂ ವಿದ್ವಾಂಸರೂ ಆಗಿದ್ದ ಎಚ್. ಯೋಗಾನರಸಿಂಹಂ ಅವರ ಮೊಮ್ಮಗನಾದ ರಾಹುಲ್ ರಾಮ್ ತಂಡದ ಗಾಯಕರೂ ಹೌದು. ಕೇಳುಗರು ಅವರನ್ನು ಮುಖದಿಂದಲೇ ಗುರುತಿಸುತ್ತಾರೆ. ಸೆಷನ್ ವಾದಕನ ಸ್ಥಿತಿ ಇದಕ್ಕಿಂತ ಭಿನ್ನ. ಆತ ಕರೆ ಬಂದಾಗ ಧ್ವನಿಮುದ್ರಣಾಲಯಕ್ಕೆ ಹೋಗಿ, ಇನ್ನೊಬ್ಬರ ಹಾಡಿಗೆ ನುಡಿಸಿ, ಸಂಭಾವನೆ ಪಡೆದು ಹೊರಡುತ್ತಾನೆ. ಹಾಡು ಗಾಯಕನ ಹೆಸರಿನಲ್ಲಿ ಲೋಕಕ್ಕೆ ತಿಳಿಯುತ್ತದೆ. ಕಛೇರಿಯ ಪಕ್ಕವಾದ್ಯಗಾರನಾದರೋ ವೇದಿಕೆಯ ಮೇಲೆ ಕಣ್ಣಿಗೆ ಕಾಣುತ್ತಾನೆ. ಸೆಷನ್ ವಾದಕನಿಗೆ ಆ ಅವಕಾಶವೂ ಇಲ್ಲ.

ಇನ್ನು ವಾದ್ಯದ ವಿಚಾರ. ವೀಣೆಯ ದಂಡಿಯ ಮೇಲೆ ಮೇಣದಲ್ಲಿ ಕೂರಿಸಿದ 24 ಮೆಟ್ಟಿಲುಗಳಿರುವುದು ಸರ್ವವಿದಿತ. ಗಿಟಾರಿನ ‘ಫ್ರೆಟ್’ ಎಂಬುದೂ ಇಂಥ ಮೆಟ್ಟಿಲೇ. ಬೆರಳು ಎಲ್ಲಿ ಒತ್ತಿದರೂ ತಂತಿಯ ಮಿಡಿತ ಲೋಹದ ಮೆಟ್ಟಿಲಿನ ಬಳಿಯೇ ಕೊನೆಗೊಳ್ಳುವುದರಿಂದ ಸ್ವರಸ್ಥಾನ ಮೊದಲೇ ನಿಗದಿಯಾಗಿರುತ್ತದೆ. ವೈಣಿಕರು ತಂತಿಯನ್ನು ಪಕ್ಕಕ್ಕೆ ಎಳೆದು ಈ ಮಿತಿಯನ್ನು ದಾಟುತ್ತಾರೆ. ಗೋಟುವಾದ್ಯದಲ್ಲಿ ಮೆಟ್ಟಿಲುಗಳೇ ಇಲ್ಲ, ಪಿಟೀಲಿನಲ್ಲಿಯೂ ಇಲ್ಲ. ಮೆಟ್ಟಿಲುಗಳನ್ನು ತೆಗೆದ ಬೇಸ್ ಗಿಟಾರು ಈ ಎರಡನೆಯ ವರ್ಗಕ್ಕೆ ಸೇರುತ್ತದೆ. ಅದರಲ್ಲಿ ತಂತಿಯನ್ನು ತಡೆಯುವುದು ಬೆರಳಿನ ಮಾಂಸವೇ ಹೊರತು ಲೋಹವಲ್ಲ. ಆದ್ದರಿಂದ ನಾದದ ಮೊನೆ ಮೃದುವಾಗುತ್ತದೆ. ತಂತಿಯು ಮರಕ್ಕೆ ತಾಗುತ್ತ ಮಿಡಿಯುವುದರಿಂದ, ಮೀಟಿದ ಮೇಲೆ ನಾದವು ಅರಳಿಕೊಳ್ಳುವಂತೆ ಕೇಳಿಸುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದೂ ಸಾಧ್ಯ. ಆದರೆ ಶ್ರುತಿಯ ಹೊಣೆಯೆಲ್ಲ ವಾದಕನ ಮೇಲೆಯೇ ಬೀಳುತ್ತದೆ. ತಂತಿಯ ಉದ್ದ ಸುಮಾರು 86 ಸೆಂ.ಮೀ. ಇರುವ ಸಾಮಾನ್ಯ ಬೇಸ್ ಗಿಟಾರಿನಲ್ಲಿ ಮೊದಲ ಅರ್ಧಸ್ವರದ ಅಂತರ ಸುಮಾರು 4.8 ಸೆಂ.ಮೀ. ತಾರಸ್ಥಾಯಿಯತ್ತ ಸಾಗಿದಂತೆ ಅದು ಕಿರಿದಾಗುತ್ತ, ಒಂದು ಸ್ಥಾಯಿಯ ಮೇಲೆ ಅರ್ಧದಷ್ಟಾಗುತ್ತದೆ. ಈ ಅಳತೆಗಳನ್ನು ಕೈಗೆ ನೆನಪಾಗುವವರೆಗೆ ಅಭ್ಯಾಸ ಮಾಡದೆ ಗತ್ಯಂತರವಿಲ್ಲ.

ಹಾಗೆ ನೋಡಿದರೆ, ಬೇಸ್ ಗಿಟಾರಿಗೆ ಮೆಟ್ಟಿಲುಗಳು ಬಂದದ್ದೇ ಒಂದು ಸುಧಾರಣೆಯಾಗಿ. ಅದಕ್ಕೂ ಮೊದಲು ಪಾಶ್ಚಾತ್ಯ ಮೇಳಗಳಲ್ಲಿದ್ದ ಆಳೆತ್ತರದ ಡಬಲ್ ಬೇಸ್ ವಾದ್ಯಕ್ಕೆ ಮೆಟ್ಟಿಲುಗಳಿರಲಿಲ್ಲ. 1951ರಲ್ಲಿ ಫೆಂಡರ್ ಸಂಸ್ಥೆ ಹೊರತಂದ ವಿದ್ಯುತ್ ವಾದ್ಯದ ಹೆಸರೇ ‘ಪ್ರಿಸಿಷನ್ ಬೇಸ್’, ಅಂದರೆ ನಿಖರತೆಯ ಬೇಸ್. ನಿಖರತೆಯ ಈ ಭರವಸೆಯನ್ನು ಬೇಕೆಂದೇ ಬಿಟ್ಟುಕೊಟ್ಟವರಲ್ಲಿ ಅಮೆರಿಕದ ಜಾಕೋ ಪಾಸ್ಟೋರಿಯಸ್ ಪ್ರಮುಖರು. ಮೆಟ್ಟಿಲುಗಳನ್ನು ಕಿತ್ತ ಬೇಸ್ ಗಿಟಾರಿನ ಹಲಗೆಗೆ ದೋಣಿಗಳಿಗೆ ಬಳಿಯುವ ಗಟ್ಟಿ ಲೇಪವನ್ನು ಹಚ್ಚಿ ಅವರು ನುಡಿಸಿದರು. 1976ರ ಅವರ ಸ್ವಂತ ಧ್ವನಿಮುದ್ರಿಕೆಯ ನಂತರ ಈ ವಾದ್ಯಕ್ಕೆ ಜಾಝ್ ಲೋಕದಲ್ಲಿ ಗೌರವ ದೊರೆಯಿತು.

ಪಾಸ್ಟೋರಿಯಸ್ ಜಾಝ್‌ನಲ್ಲಿ ಸಾಧಿಸಿದುದನ್ನು ಜನಪ್ರಿಯ ಗೀತೆಗಳೊಳಗೆ ತಂದವರಲ್ಲಿ ಪಲ್ಲಾಡಿನೋ ಮುಖ್ಯರು. ಅವರು 1957ರ ಅಕ್ಟೋಬರ್ 17ರಂದು ಕಾರ್ಡಿಫ್ ನಗರದಲ್ಲಿ ಜನಿಸಿದರು. 1979ರಲ್ಲಿ ತಯಾರಾದ ಮೆಟ್ಟಿಲಿಲ್ಲದ ‘ಮ್ಯೂಸಿಕ್ ಮ್ಯಾನ್’ ಬೇಸ್ ಅವರ ಆರಂಭದ ವರ್ಷಗಳ ಸಂಗಾತಿ. ಗ್ಯಾರಿ ನ್ಯೂಮನ್ ಅವರ 1982ರ ‘ಐ, ಅಸಾಸಿನ್’ ಧ್ವನಿಮುದ್ರಿಕೆಯಲ್ಲಿ ಈ ನಾದ ಎದ್ದು ಕೇಳಿಸುತ್ತದೆ. ಮರುವರ್ಷ ಪಾಲ್ ಯಂಗ್ ಹಾಡಿದ, ಮೂಲತಃ ಮಾರ್ವಿನ್ ಗೇ ಅವರದಾದ ‘ವೇರೆವರ್ ಐ ಲೇ ಮೈ ಹ್ಯಾಟ್’ ಗೀತೆ ಬ್ರಿಟನ್ನಿನ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಗಾಯಕ ಬಾಯಿ ತೆರೆಯುವ ಮೊದಲೇ ಈ ಹಾಡಿನಲ್ಲಿ ಬೇಸ್ ಮಾತನಾಡುತ್ತದೆ. ಹಿನ್ನೆಲೆಯಲ್ಲಿದ್ದು ಲಯವನ್ನು ಹಿಡಿದಿಡಬೇಕಾದ ವಾದ್ಯವು ಆಲಾಪನೆಯಂತೆ ಜಾರುತ್ತ ಹಾಡಿನ ಭಾವವನ್ನು ಮೊದಲೇ ಸ್ಥಾಪಿಸಿಬಿಡುತ್ತದೆ. 1984ರಲ್ಲಿ ಡೇವಿಡ್ ಗಿಲ್ಮೋರ್ ಅವರ ‘ಅಬೌಟ್ ಫೇಸ್’, ಡಾನ್ ಹೆನ್ಲಿ ಅವರ ‘ಸನ್‌ಸೆಟ್ ಗ್ರಿಲ್’ ಮುಂತಾದವುಗಳಿಗೂ ಅವರೇ ನುಡಿಸಿದರು.

ವಚನಕಾರರೂ ದಾಸರೂ ತಮ್ಮ ರಚನೆಯೊಳಗೆ ಅಂಕಿತವನ್ನು ಇರಿಸಿದ್ದನ್ನು ನಾವು ಬಲ್ಲೆವು. ‘ಕೂಡಲಸಂಗಮದೇವ’ ಎಂದೊಡನೆ ಬಸವಣ್ಣನವರು, ‘ಪುರಂದರವಿಠಲ’ ಎಂದೊಡನೆ ಪುರಂದರದಾಸರು ನೆನಪಾಗುತ್ತಾರೆ. ಓಲೆಗರಿಯ ಮೇಲೆ ಕರ್ತೃವಿನ ಹೆಸರಿಲ್ಲದಿದ್ದರೂ ರಚನೆಯೇ ಅವನನ್ನು ಹೇಳುತ್ತದೆ. ಪಲ್ಲಾಡಿನೋ ಅವರ ಜಾರುನಾದವೂ ಇಂಥ ಅಂಕಿತವಾಗಿ ಕೆಲಸ ಮಾಡಿತು. ಹಾಡು ಯಾರದೇ ಆಗಿರಲಿ, ಬೇಸ್ ಯಾರದೆಂಬುದು ತಿಳಿದವರಿಗೆ ಹೊಳೆಯುತ್ತಿತ್ತು.

ಆದರೆ ಅಂಕಿತಕ್ಕೆ ಒಂದು ಅಪಾಯವೂ ಉಂಟು. ಯಾವುದರಿಂದ ಗುರುತು ದೊರೆಯಿತೋ ಅದೇ ಬಂಧನವಾಗಬಹುದು. ಆ ನಾದ 1980ರ ದಶಕದ ಮುದ್ರೆಯಾಗಿ ನಿಂತುಹೋಗಿದ್ದರೆ ವಾದಕನೂ ಆ ದಶಕದೊಂದಿಗೆ ಮುಗಿಯುತ್ತಿದ್ದ. ಪಲ್ಲಾಡಿನೋ ಇದನ್ನು ಎದುರಿಸಿದ ರೀತಿ ಗಮನಾರ್ಹ. 2000ದಲ್ಲಿ ಬಿಡುಗಡೆಯಾದ ಡಿ’ಆ್ಯಂಜೆಲೋ ಅವರ ‘ವೂಡೂ’ ಧ್ವನಿಮುದ್ರಿಕೆಯಲ್ಲಿ ಅವರು ಮೆಟ್ಟಿಲುಳ್ಳ ಹಳೆಯ ಪ್ರಿಸಿಷನ್ ಬೇಸ್ ಹಿಡಿದರು. ತಾಳದ ಪೆಟ್ಟಿಗಿಂತ ಕೂದಲೆಳೆಯಷ್ಟು ತಡವಾಗಿ ಸ್ವರವನ್ನು ಬೀಳಿಸಿದರು. ಸ್ಥಾನದಲ್ಲಿದ್ದ ಸ್ವಾತಂತ್ರ್ಯ ಇಲ್ಲಿ ಕಾಲಕ್ಕೆ ವರ್ಗಾವಣೆಯಾಯಿತು. 2002ರ ಜೂನ್ 27ರಂದು ‘ದ ಹೂ’ ತಂಡದ ಬೇಸ್ ವಾದಕ ಜಾನ್ ಎಂಟ್ವಿಸಲ್ ನಿಧನರಾದರು. ನಾಲ್ಕೇ ದಿನಗಳಲ್ಲಿ, ಜುಲೈ 1ರಂದು, ಪಲ್ಲಾಡಿನೋ ಆ ಜಾಗದಲ್ಲಿ ನಿಂತು ನುಡಿಸಬೇಕಾಯಿತು. ಮುಂದೆ ಜಾನ್ ಮೇಯರ್ ಅವರ ತ್ರಿವಾದ್ಯ ತಂಡ, 2013ರಲ್ಲಿ ‘ನೈನ್ ಇಂಚ್ ನೇಲ್ಸ್’ ತಂಡ ಅವರನ್ನು ಕರೆದವು. ಅವರ ಹೆಸರು ಬ್ಲೇಕ್ ಮಿಲ್ಸ್ ಅವರ ಹೆಸರಿನೊಂದಿಗೆ ಮುಖಪುಟಕ್ಕೆ ಬಂದದ್ದು 2021ರ ‘ನೋಟ್ಸ್ ವಿತ್ ಅಟ್ಯಾಚ್‌ಮೆಂಟ್ಸ್’ ಮೂಲಕ. ಆಗ ಅವರಿಗೆ 63 ವರ್ಷ.

ಈ ಹಿನ್ನೆಲೆಯಲ್ಲಿ ನಮ್ಮ ತಿರುಮಕೂಡಲು ಚೌಡಯ್ಯನವರನ್ನು (1895–1967) ನೆನೆಯುವುದು ಉಚಿತ. ಧ್ವನಿವರ್ಧಕ ಸಾಮಾನ್ಯವಾಗಿರದ ಕಾಲದಲ್ಲಿ, ಪಿಟೀಲಿನ ನಾದ ಹಿಂದಿನ ಸಾಲಿಗೂ ತಲುಪಲೆಂದು ಅವರು ಏಳು ತಂತಿಗಳ ಪಿಟೀಲನ್ನು ರೂಪಿಸಿಕೊಂಡರು. ಪಕ್ಕವಾದ್ಯದ ಅಗತ್ಯದಿಂದ ಹುಟ್ಟಿದ ಆ ವಾದ್ಯವೇ ಅವರ ಗುರುತಾಯಿತು. ‘ತ್ರಿಮಕುಟ’ ಅಂಕಿತದಲ್ಲಿ ಅವರು ಕೃತಿಗಳನ್ನೂ ರಚಿಸಿದರು. 1957ರಲ್ಲಿ ಸಂಗೀತ ಕಲಾನಿಧಿ ಬಿರುದು ಅವರಿಗೆ ಸಂದಿತು. ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ ಸಭಾಂಗಣವೊಂದು ಅವರ ಹೆಸರಿನಲ್ಲಿ ಬೆಂಗಳೂರಿನಲ್ಲಿದೆ.

ಚೌಡಯ್ಯನವರಿಗೆ ಸಂದ ಈ ಗೌರವ ನಮ್ಮ ಚಲನಚಿತ್ರಗೀತೆಗಳ ವಾದಕರಿಗೆ ಸಂದಿಲ್ಲ. ಧ್ವನಿಸುರುಳಿಗಳ ಹೊದಿಕೆಯ ಮೇಲೆ ಗಾಯಕ, ಗೀತರಚನಕಾರ, ಸಂಗೀತ ನಿರ್ದೇಶಕರ ಹೆಸರುಗಳಿರುತ್ತಿದ್ದವು. ಬೇಸ್ ನುಡಿಸಿದವರ ಹೆಸರು ಸಾಮಾನ್ಯವಾಗಿ ಇರುತ್ತಿರಲಿಲ್ಲ. 2012ರ ತಿದ್ದುಪಡಿಯ ನಂತರ ಭಾರತದ ಕೃತಿಸ್ವಾಮ್ಯ ಕಾಯಿದೆಯು ತನ್ನ ಪ್ರಸ್ತುತಿಯನ್ನು ತನ್ನದೆಂದು ಗುರುತಿಸಿಕೊಳ್ಳುವ ನೈತಿಕ ಹಕ್ಕನ್ನು ಕಲಾವಿದನಿಗೆ ನೀಡಿದೆ. ಬಳಕೆಯ ಸ್ವರೂಪವೇ ಹೆಸರನ್ನು ಬಿಡುವಂತೆ ಮಾಡುವ ಸಂದರ್ಭಗಳಿಗೆ ಅದು ವಿನಾಯಿತಿಯನ್ನೂ ಇರಿಸಿದೆ. ಬೇಲೂರಿನ ಶಿಲ್ಪಗಳ ಕೆಳಗೆ ದಾಸೋಜನ ಹೆಸರನ್ನೂ ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರನ್ನೂ ಓದಿ ಹೆಮ್ಮೆಪಡುವ ನಾವು, ನಿನ್ನೆಮೊನ್ನೆಯ ಹಾಡುಗಳಿಗೆ ನುಡಿಸಿದವರು ಯಾರೆಂದು ಕೇಳುವುದಿಲ್ಲ. ಅವರಲ್ಲಿ ಹಲವರು ಈಗ ವೃದ್ಧರು. ಧ್ವನಿಮುದ್ರಣಾಲಯಗಳ ದಿನಚರಿ ಪುಸ್ತಕಗಳು ರದ್ದಿಗೆ ಹೋಗುವ ಮುನ್ನ, ನುಡಿಸಿದವರ ನೆನಪು ಮಾಸುವ ಮುನ್ನ, ಹಾಡುಹಾಡಿಗೂ ವಾದಕರ ಹೆಸರನ್ನು ದಾಖಲಿಸುವ ಕಾರ್ಯವನ್ನು ಕನ್ನಡ ಸಂಶೋಧನೆ ಕೈಗೆತ್ತಿಕೊಳ್ಳಬೇಕಾಗಿದೆ.