ದಿನಬಳಕೆಯ ಹೀಬ್ರೂ: ಕೆಲವು ಮಾತುಗಳ ಪರಿಚಯ

ಮುಂಬಯಿಯ ಮಸ್ಜಿದ್ ಬಂದರ್ ಪರಿಸರದಲ್ಲಿ 1796ರಲ್ಲಿ ಸ್ಥಾಪನೆಯಾದ ಯಹೂದಿ ಪ್ರಾರ್ಥನಾ ಮಂದಿರದ ಹೆಸರು ‘ಶಾರ್ ಹರಹಮೀಮ್’. ಶಾರ್ ಎಂದರೆ ಬಾಗಿಲು, ರಹಮೀಮ್ ಎಂದರೆ ದಯೆ. ಬೈಕುಲಾದ ‘ಮಾಗೇನ್ ದಾವಿದ್’ ಎಂಬಲ್ಲಿ ಮಾಗೇನ್ ಎಂದರೆ ಗುರಾಣಿ. ಪುಣೆಯ ಜನರು ‘ಲಾಲ್ ದೇವಳ’ ಎಂದು ಕರೆಯುವ ‘ಒಹೆಲ್ ದಾವಿದ್’ನಲ್ಲಿ ಒಹೆಲ್ ಎಂದರೆ ಡೇರೆ. ಈ ಊರುಗಳಲ್ಲಿ ನೆಲೆಸಿರುವ ನಾವು ಹೀಬ್ರೂ ಪದಗಳ ಪಕ್ಕದಲ್ಲಿಯೇ ಬಾಳುತ್ತಿದ್ದೇವೆ ಎನ್ನಬಹುದು.

ಈ ಮಂದಿರಗಳಿಗೆ ಬರುತ್ತಿದ್ದ ಬೆನೆ ಇಸ್ರೇಲ್ ಸಮುದಾಯದವರ ಮನೆಮಾತು ಮರಾಠಿ. ಹೀಬ್ರೂ ಕೇವಲ ಪ್ರಾರ್ಥನೆಗೆ. ಜಗತ್ತಿನಾದ್ಯಂತ ಯಹೂದಿಗಳ ಸ್ಥಿತಿ ಬಹುಮಟ್ಟಿಗೆ ಹೀಗೆಯೇ ಇತ್ತು. ಗ್ರಂಥ, ಪ್ರಾರ್ಥನೆ, ಪಾಂಡಿತ್ಯಗಳಲ್ಲಿ ಹೀಬ್ರೂ ಉಳಿದಿತ್ತು, ಅಡುಗೆಮನೆಯಲ್ಲಿ ಇರಲಿಲ್ಲ. 1881ರಲ್ಲಿ ಜೆರುಸಲೇಮಿಗೆ ಬಂದ ಎಲಿಯೆಜೆರ್ ಬೆನ್ ಯೆಹೂದಾ ಮತ್ತು ಅವರ ಪತ್ನಿ ದೆವೋರಾ ತಮ್ಮ ಮಗುವಿನೊಡನೆ ಹೀಬ್ರೂ ಮಾತ್ರ ಆಡುವುದೆಂದು ನಿಶ್ಚಯಿಸಿದರು. 1882ರಲ್ಲಿ ಹುಟ್ಟಿದ ಆ ಮಗನನ್ನು ಆಧುನಿಕ ಹೀಬ್ರೂವನ್ನು ತಾಯ್ನುಡಿಯಾಗಿ ಪಡೆದ ಮೊದಲ ಮಗುವೆಂದು ಗುರುತಿಸುತ್ತಾರೆ. ಮಗುವಿಗೆ ಗೊಂಬೆ ಬೇಕು, ಮೈಯೊರೆಸಲು ಟವೆಲ್ ಬೇಕು. ಧರ್ಮಗ್ರಂಥದಲ್ಲಿ ಅವುಗಳಿಗೆ ಹೆಸರೆಲ್ಲಿ? ಹೀಗೆ ‘ಬುಬಾ’, ‘ಮಗೆವೆತ್’ ಮುಂತಾದ ಪದಗಳು ಬಳಕೆಗೆ ಬಂದವು. ಮಿಲಾ ಎಂದರೆ ಪದ, ಅದರಿಂದ ‘ಮಿಲೋನ್’, ನಿಘಂಟು. ಎತ್ ಎಂದರೆ ಕಾಲ, ಅದರಿಂದ ‘ಇತೋನ್’, ದಿನಪತ್ರಿಕೆ. ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ಮೊಮ್ಮಕ್ಕಳು ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಉತ್ತರಿಸುವ ನಮ್ಮ ಮನೆಗಳಲ್ಲಿ ಈ ದಂಪತಿಗಳ ಹಠ ಎಂಥದೆಂದು ವಿವರಿಸಬೇಕಾಗಿಲ್ಲ.

ಈಗ ದಿನದ ಮಾತಿಗೆ ಬರೋಣ. ‘ಶಾಲೋಮ್’ ಎಂದರೆ ಶಾಂತಿ. ಭೇಟಿಗೂ ಬೀಳ್ಕೊಡುಗೆಗೂ ಅದೇ ಸಾಕು. ಅರಬ್ಬಿಯ ಸಲಾಮ್ ಇದರ ದಾಯಾದಿ. ‘ಬೋಕೆರ್ ತೋವ್’ ಶುಭೋದಯ, ‘ಲೈಲಾ ತೋವ್’ ಶುಭರಾತ್ರಿ, ‘ತೋದಾ’ ಧನ್ಯವಾದ, ‘ಸ್ಲಿಖಾ’ ಕ್ಷಮಿಸಿ. ‘ಬೆವಕಶಾ’ ಎಂಬುದು ಬಹಳ ಉಪಕಾರಿ: ದಯವಿಟ್ಟು ಎನ್ನಲೂ, ‘ತಗೊಳ್ಳಿ’ ಎನ್ನಲೂ, ಧನ್ಯವಾದಕ್ಕೆ ಮರುನುಡಿಯಾಗಿಯೂ ಸಲ್ಲುತ್ತದೆ. ‘ಮಾ ನಿಶ್ಮಾ?’ ಎಂದರೆ ‘ಏನು ಕೇಳಿಬರುತ್ತಿದೆ?’ ನಮ್ಮ ‘ಏನು ಸಮಾಚಾರ?’ ಎಂಬುದಕ್ಕೆ ಇಷ್ಟು ಹತ್ತಿರವಾದ ಮಾತು ಇಂಗ್ಲಿಷಿನಲ್ಲಿಯೂ ನಮಗೆ ಕಾಣದು.

ಕ್ಷೇಮ ವಿಚಾರಿಸುವಾಗ ಮಾತ್ರ ಎಚ್ಚರ ಬೇಕು. ಗಂಡಸಿಗೆ ‘ಮಾ ಶ್ಲೊಮ್‌ಖಾ?’, ಹೆಂಗಸಿಗೆ ‘ಮಾ ಶ್ಲೊಮೇಖ್?’ ‘ನನಗೆ ಬೇಕು’ ಎನ್ನಲು ಗಂಡಸು ‘ಅನೀ ರೋತ್ಸೆ’ ಎಂದರೆ ಹೆಂಗಸು ‘ಅನೀ ರೋತ್ಸಾ’ ಎನ್ನಬೇಕು. ಕನ್ನಡದಲ್ಲಿ ಈ ಭೇದವಿಲ್ಲ. ಆದರೆ ‘ಚಾಹತಾ’, ‘ಚಾಹತೀ’ ಎಂದು ದಿನವೂ ಹಿಂದಿಯಾಡುವ ನಮಗೆ ಇದು ಹೊಸತೇನಲ್ಲ. ನಮಗೆ ನಿಜವಾಗಿ ತೊಡಕಾಗುವುದು ಬಹುವಚನದ ಗೌರವ ಇಲ್ಲದಿರುವುದು. ಗುರುಗಳನ್ನೂ ಮೇಲಧಿಕಾರಿಯನ್ನೂ ‘ಅತಾ’, ಅಂದರೆ ‘ನೀನು’ ಎಂದೇ ಕರೆಯಬೇಕು. ಐವತ್ತು ದಾಟಿದವರ ನಾಲಿಗೆ ಇದಕ್ಕೆ ಬೇಗ ಒಗ್ಗದು.

ಪದಗಳನ್ನು ನೆನಪಿಡಲು ಸುಲಭೋಪಾಯವೆಂದರೆ ಧಾತುಗಳು. ಬಹುತೇಕ ಧಾತುಗಳು ಮೂರು ವ್ಯಂಜನಗಳವು. ಸ್ವರಗಳೂ ಹಿಂದುಮುಂದಿನ ಅಕ್ಷರಗಳೂ ಬದಲಾದಂತೆ ಅರ್ಥ ಕವಲೊಡೆಯುತ್ತದೆ. ಕ-ತ-ವ ಎಂಬ ಧಾತುವಿನಿಂದ ‘ಕತಾವ್’, ಬರೆದನು, ‘ಮಿಖ್ತಾವ್’, ಪತ್ರ, ‘ಕ್ತೋವೆತ್’, ವಿಳಾಸ, ‘ಕತವಾ’, ಪತ್ರಿಕೆಯ ವರದಿ. ನಮಗೆ ಪರಿಚಿತವಾದ ‘ಕಿತಾಬ್’ ಅರಬ್ಬಿಯಲ್ಲಿ ಇದರ ಸೋದರಧಾತುವಿನಿಂದ ಬಂದುದು. ಲಿಪಿ ಬಲದಿಂದ ಎಡಕ್ಕೆ ಸಾಗುತ್ತದೆ, ಅಕ್ಷರಗಳು 22. ಸಾಮಾನ್ಯ ಬರಹದಲ್ಲಿ ಹೆಚ್ಚಿನ ಸ್ವರಗಳನ್ನು ಬರೆಯುವುದಿಲ್ಲವಾದ್ದರಿಂದ ಮೊದಲು ಕಿವಿಯಿಂದ ಕಲಿಯುವುದೇ ಲೇಸೆಂದು ನಮ್ಮ ಅಭಿಪ್ರಾಯ.

ತಂದೆಗೆ ‘ಅಬ್ಬಾ’, ತಾಯಿಗೆ ‘ಇಮ್ಮಾ’. ನಮ್ಮ ಅಪ್ಪ, ಅಮ್ಮಂದಿರೊಡನೆ ಇವಕ್ಕೆ ನಂಟು ಕಟ್ಟುವ ಆಸೆಯಾಗುವುದು ಸಹಜ. ಆದರೆ ಎಳೆಯ ಮಕ್ಕಳ ಬಾಯಲ್ಲಿ ಹುಟ್ಟುವ ಇಂತಹ ಪದಗಳು ಎಲ್ಲೆಡೆಯೂ ಹೋಲುತ್ತವೆ. ನಂಟು ಇದ್ದಿರಬಹುದಾದ ಪದ ಬೇರೊಂದಿದೆ. ಸೊಲೊಮನ್ ಅರಸನಿಗೆ ಹಡಗುಗಳು ತಂದ ವಸ್ತುಗಳಲ್ಲಿ ‘ತುಕ್ಕಿಯೀಮ್’ ಇದ್ದವೆಂದು ಬೈಬಲಿನ ಹಳೆಯ ಒಡಂಬಡಿಕೆ ಹೇಳುತ್ತದೆ. ಅವು ನವಿಲುಗಳೆಂದೂ, ಪದವು ದ್ರಾವಿಡ ಮೂಲದ್ದೆಂದೂ ಹಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ತಮಿಳಿನಲ್ಲಿ ‘ತೋಗೈ’ ನವಿಲಗರಿ, ಕನ್ನಡದಲ್ಲಿ ‘ತೋಕೆ’ ಬಾಲ, ‘ಸೋಗೆ’ ನವಿಲಿನ ಬಾಲ. ಇಂದಿನ ಹೀಬ್ರೂವಿನಲ್ಲಿ ನವಿಲಿಗೆ ‘ತವಾಸ್’ ಎಂಬ ಬೇರೆ ಹೆಸರಿದೆ. ‘ತುಕಿ’ ಎಂದರೆ ಗಿಳಿ.